ಕೇಸಿಗೆ ದುಡ್ಡು ಹಾಕುವವರಿಗೂ ಒಂದು ಕಾನೂನು ಬೇಕು

ಈ ಸಲ ದಸರಾ ರಜೆಯಲ್ಲಿ ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯಿಂದ ನಮ್ಮ ಮಾಮು ಶಿಕಾರಿಪುರದ ಮನೆಗೆ ಬಂದಿದ್ದರು. ಊಟ ಆದ ಮೇಲೆ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ್ದ ಛಾಪಾ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. "ನೀನು ಕಾಮರ್ಸ್ ಓದ್ತಿದ್ದೀಯಲ್ಲ ಬೇಟಿ, ಇದರಲ್ಲಿ ಏನು ಬರೆದಿದೆ ಸರಿಯಾಗಿ ಹೇಳು" ಅಂದರು.

ಹಿಂದಿನ ಕಥೆ ಇಷ್ಟು. ಹೋದ ವರ್ಷದ ಮುಂಗಾರಿನಲ್ಲಿ ಮಾಮು ಮೂರು ಎಕರೆಗೆ ಮೆಕ್ಕೆಜೋಳ ಹಾಕಿದ್ದರು. ಗಿಡ ಆಳೆತ್ತರ ಬಂತು, ತೆನೆಯೂ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು. ಅದೇ ಬೀಜ ಹಾಕಿದ ಅಕ್ಕಪಕ್ಕದವರದ್ದೂ ಅದೇ ಗತಿ. ಬೀಜದ ತಪ್ಪೋ ಮಳೆಯ ತಪ್ಪೋ ನನಗೆ ಗೊತ್ತಿಲ್ಲ, ಅದನ್ನು ಗ್ರಾಹಕರ ಆಯೋಗ ಹೇಳಬೇಕು. ಆದರೆ ಆಯೋಗ ಹೇಳಬೇಕಾದರೆ ಯಾರಾದರೂ ಅಲ್ಲಿಯವರೆಗೆ ಹೋಗಬೇಕಲ್ಲ? ಆಗಲೇ ಆ ಮನುಷ್ಯ ಬಂದದ್ದು. ವಕೀಲರ ಫೀಸು, ತಜ್ಞರ ವರದಿ, ಓಡಾಟ ಎಲ್ಲವೂ ತನ್ನದು, ಸೋತರೆ ಒಂದು ಪೈಸೆಯನ್ನೂ ಕೇಳುವುದಿಲ್ಲ, ಗೆದ್ದರೆ ಅರ್ಧ ಕೊಡಿ ಅಂದನಂತೆ.

ಕೇಳುವುದಕ್ಕೆ ಧರ್ಮದ ಮಾತಿನ ಹಾಗೇ ಇದೆ. ಆದರೆ ಕಾಗದದಲ್ಲಿ ಬರೆದಿದ್ದ "ಅರ್ಧ" ಬೇರೆ. ಬಂದ ಪರಿಹಾರದಲ್ಲಿ ಮೊದಲು ಅವನ ಖರ್ಚು ಕಳೆಯಬೇಕು, ಉಳಿದದ್ದರಲ್ಲಿ ಅರ್ಧ. ನಾನು ನೋಟ್ ಬುಕ್ಕಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಒಂದು ಲಕ್ಷ ರೂಪಾಯಿ ಪರಿಹಾರ ಬಂತು, ಖರ್ಚು 15,000 ಅಂದುಕೊಳ್ಳಿ. ಮಾಮುಗೆ 42,500, ಅವನಿಗೆ 57,500. ಹತ್ತು ರೈತರ ಕೇಸು ನಡೆಸಿ ಆರು ಸೋತರೂ ಅವನು ಹಾಕಿದ್ದು ಒಂದೂವರೆ ಲಕ್ಷ, ಪಡೆದದ್ದು ಎರಡು ಲಕ್ಷ ಮೂವತ್ತು ಸಾವಿರ. ಹತ್ತೂ ಕೇಸು ಒಂದೇ ಬೀಜದ್ದಾದರೆ ಒಂದೇ ವರದಿ ಎಲ್ಲದಕ್ಕೂ ಆಗುತ್ತದೆ. ಖರ್ಚು ಇನ್ನೂ ಇಳಿಯುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಈ ಲೆಕ್ಕ ಅಲ್ಲ. ಕೊನೆಯ ಪುಟದಲ್ಲಿ, ಅವನ ಒಪ್ಪಿಗೆ ಇಲ್ಲದೆ ಮಾಮು ಕಂಪನಿಯ ಜೊತೆ ರಾಜಿ ಆಗುವಂತಿಲ್ಲ ಎಂದಿತ್ತು. ಜೊತೆಗೆ ಸಹಿ ಹಾಕಿದ ಒಂದು ಖಾಲಿ ಚೆಕ್ ಬೇರೆ ಕೊಡಬೇಕಿತ್ತು. ಅಂದರೆ ನಷ್ಟ ಮಾಮುದು, ಕೇಸು ಮಾತ್ರ ಅವನದ್ದು.

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಮಗೆ ಗ್ರಾಹಕ ರಕ್ಷಣೆ ಎಂಬ ಪಾಠವಿದೆ. ಅದನ್ನು ಓದಿದವರು ಕೇಳಬಹುದು: ಗ್ರಾಹಕರ ಕೇಸಿಗೆ ಸಾಹುಕಾರ ಯಾಕೆ ಬೇಕು? 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯವಲ್ಲ. ಬಿತ್ತನೆ ಬೀಜ ಕೊಂಡ ರೈತ ಕೂಡ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಎಲ್ಲವೂ ನಿಜ. ಆದರೆ ಆಯೋಗ ಇರುವುದು ಶಿವಮೊಗ್ಗದಲ್ಲಿ. ಆನವಟ್ಟಿಯಿಂದ ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅಲ್ಲಿ ವಾಯಿದೆ ಮುಂದಕ್ಕೆ ಹೋದರೆ ಮತ್ತೊಂದು ದಿನ. ಮೂರರಿಂದ ಐದು ತಿಂಗಳಲ್ಲಿ ತೀರ್ಪು ಕೊಡಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಮಾಮು ಅದನ್ನು ಕೇಳಿ ಸುಮ್ಮನೆ ನಕ್ಕರು. ಎದುರಿಗೆ ಕಂಪನಿಯ ವಕೀಲರು ಇದ್ದೇ ಇರುತ್ತಾರೆ.

ಹಾಗಾಗಿ ಇಂಥವರನ್ನು ಪೂರ್ತಿ ನಿಷೇಧಿಸಿ ಎಂದು ನಾನು ಬರೆಯುವುದಿಲ್ಲ. ನಮ್ಮ ದೇಶದಲ್ಲಿ ಇದು ಅಪರಾಧವೂ ಅಲ್ಲ. 1876ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್, ಕೇಸಿನಲ್ಲಿ ಪಾಲು ಪಡೆದು ದುಡ್ಡು ಕೊಡುವ ನ್ಯಾಯವಾದ ಒಪ್ಪಂದ ತಾನಾಗಿಯೇ ಅಕ್ರಮವಾಗುವುದಿಲ್ಲ, ಸುಲಿಗೆಯಂತಿದ್ದರೆ ಮಾತ್ರ ಜಾರಿ ಮಾಡಬಾರದು ಎಂದಿತ್ತು. ವಕೀಲರು ಗೆಲುವಿನ ಮೇಲೆ ಫೀಸು ನಿಗದಿ ಮಾಡುವಂತಿಲ್ಲ, ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ವಕೀಲರಲ್ಲದವರು ದುಡ್ಡು ಹಾಕಿ ಫಲಿತಾಂಶದ ನಂತರ ವಾಪಸು ಪಡೆಯುವುದಕ್ಕೆ ನಿರ್ಬಂಧವಿದ್ದಂತೆ ಕಾಣುವುದಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓದಿದವರಿಗೆ, ಪರವಾನಗಿ ಇರುವವರಿಗೆ ಕಟ್ಟುಪಾಡು. ಬಸ್ ಸ್ಟ್ಯಾಂಡಿನಲ್ಲಿ ಛಾಪಾ ಕಾಗದ ಹಿಡಿದು ನಿಂತವನಿಗೆ ಏನೂ ಇಲ್ಲ. ಇದು ನನಗೆ ವಿಚಿತ್ರವಾಗಿ ಕಾಣುತ್ತದೆ. 2025ರಲ್ಲಿ ನಮ್ಮ ರಾಜ್ಯ ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ಕಾನೂನು ತಂದಿತು. ಅದನ್ನು ತೋರಿಸಿದರೆ ಈತ, "ನಾನು ಸಾಲವನ್ನೇ ಕೊಟ್ಟಿಲ್ಲ, ಬಡ್ಡಿಯೂ ಇಲ್ಲ" ಎಂದುಬಿಡಬಹುದು.

ಈ ಬಡ್ಡಿಯ ಮಾತಿಗೆ ನಮ್ಮ ಮನೆಯಲ್ಲೇ ಅರ್ಧ ರಾತ್ರಿವರೆಗೆ ಚರ್ಚೆ ನಡೆಯಿತು. ಸೋತರೆ ದುಡ್ಡು ವಾಪಸು ಕೇಳುವುದಿಲ್ಲ, ಆದ್ದರಿಂದ ಇದು ಸೂದ್ ಅಲ್ಲ, ಲಾಭ ನಷ್ಟದ ಪಾಲುದಾರಿಕೆ ಅಂತ ಅಬ್ಬಾ. ಕೆರೆಯೊಳಗಿನ ಮೀನು ಮಾರಿದ ಹಾಗೆ, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಬೆಲೆ ಕಟ್ಟುವುದು ಸರಿಯಲ್ಲ ಅಂತ ದಾದಾ. ಇಬ್ಬರೂ ಸೋಲಲಿಲ್ಲ. ಅಮ್ಮಿ ಮಾತ್ರ, "ಪಾಲುದಾರ ಆಗಿದ್ದರೆ ಖಾಲಿ ಚೆಕ್ ಯಾಕೆ ಕೇಳ್ತಾನೆ?" ಅಂದರು. ಅದಕ್ಕೆ ಅಬ್ಬಾ ಬಳಿ ಉತ್ತರ ಇರಲಿಲ್ಲ.

ಬೇರೆ ಕಡೆ ಇದನ್ನು ಹೇಗೆ ಸರಿಪಡಿಸಿದ್ದಾರೆ ಎಂದು ಹುಡುಕಿದಾಗ ಅಮೆರಿಕದ ಒಹಾಯೊ ರಾಜ್ಯದ ಉದಾಹರಣೆ ಸಿಕ್ಕಿತು. ಕಾರು ಅಪಘಾತದಲ್ಲಿ ಗಾಯಗೊಂಡ ಒಬ್ಬ ಮಹಿಳೆ ತನ್ನ ಕೇಸಿನ ಮೇಲೆ ಕಂಪನಿಯೊಂದರಿಂದ 6,000 ಡಾಲರ್ ಪಡೆದಿದ್ದರು. ಕೇಸು 12 ತಿಂಗಳಲ್ಲಿ ಮುಗಿದರೆ 16,800 ಡಾಲರ್ ಕೊಡಬೇಕು, 24 ತಿಂಗಳು ಹಿಡಿದರೆ 27,600. ಅಲ್ಲಿನ ಸುಪ್ರೀಂ ಕೋರ್ಟ್ 2003ರಲ್ಲಿ ಆ ಒಪ್ಪಂದವನ್ನೇ ಅಸಿಂಧು ಎಂದಿತು. ಆಮೇಲೆ 2008ರಲ್ಲಿ ಅಲ್ಲಿನ ಶಾಸನಸಭೆ ಇಂಥ ವ್ಯವಹಾರಕ್ಕೆ ಅವಕಾಶ ಕೊಟ್ಟಿತು, ಆದರೆ ಷರತ್ತು ಹಾಕಿ: ಎಷ್ಟು ಕೊಡಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಬರೆಯಬೇಕು, ಐದು ಕೆಲಸದ ದಿನಗಳೊಳಗೆ ದುಡ್ಡು ಹಿಂತಿರುಗಿಸಿ ಒಪ್ಪಂದ ರದ್ದು ಮಾಡಬಹುದು, ಕೇಸಿನ ತೀರ್ಮಾನಗಳಲ್ಲಿ ಕಂಪನಿ ಕೈ ಹಾಕುವಂತಿಲ್ಲ.

ಇಷ್ಟನ್ನು ನಮ್ಮಲ್ಲೂ ಮಾಡಬಹುದು. ಕಾಗದ ಕನ್ನಡದಲ್ಲಿರಲಿ. ದೂರಿನ ಜೊತೆಗೇ ಅದನ್ನು ಆಯೋಗದ ಮುಂದೆ ಇಡಲಿ, ಪಾಲು ಅತಿಯಾಗಿದ್ದರೆ ಕಡಿಮೆ ಮಾಡುವ ಅಧಿಕಾರ ಆಯೋಗಕ್ಕಿರಲಿ. ರಾಜಿ ಆಗುವುದೋ ಬಿಡುವುದೋ ದೂರುದಾರನ ಇಷ್ಟ. ಪರಿಹಾರ ಮೊದಲು ದೂರುದಾರನ ಬ್ಯಾಂಕ್ ಖಾತೆಗೇ ಬರಬೇಕು. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅಪಘಾತ ಪರಿಹಾರದ ಹಣ ಬೇರೆಯವರ ಪಾಲಾಗದಿರಲಿ ಎಂದು ಅಮಾಯಕರ ಹೆಸರಿನಲ್ಲಿ ಠೇವಣಿ ಇಡುವ ಕ್ರಮವನ್ನು ಸುಪ್ರೀಂ ಕೋರ್ಟ್ ಸುಸಮ್ಮ ಥಾಮಸ್ ಪ್ರಕರಣದಲ್ಲಿ ಯಾವತ್ತೋ ಹೇಳಿದೆ. ಗ್ರಾಹಕನಿಗೂ ಆ ಕಾಳಜಿ ಸಲ್ಲಬೇಕು.

ಕಟ್ಟುನಿಟ್ಟು ಮಾಡಿದರೆ ದುಡ್ಡು ಹಾಕುವವರೇ ಬರುವುದಿಲ್ಲ ಎಂದು ನನ್ನ ಕ್ಲಾಸಿನ ಗೆಳತಿ ವಾದಿಸಿದಳು. ಕೆಲವರು ಬರಲಿಕ್ಕಿಲ್ಲ, ಒಪ್ಪುತ್ತೇನೆ. ಆ ಜಾಗ ತುಂಬಲು ಬೇರೆ ದಾರಿಗಳೂ ಇವೆ. ಒಂದೇ ತೊಂದರೆ ಅನುಭವಿಸಿದ ಹಲವರ ಪರವಾಗಿ ಒಬ್ಬರು ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಬೀಜದ ಬಿಲ್ಲು ಮಾಮಿ ಹೆಸರಲ್ಲಿದ್ದಿದ್ದರೆ ಅಂತ ಮಾಮು ಈಗ ಹೇಳುತ್ತಿದ್ದಾರೆ!

ಮಾಮು ಸಹಿ ಹಾಕಲಿಲ್ಲ. ಅವರ ಪಕ್ಕದ ಹೊಲದ ಇಬ್ಬರು ಹಾಕಿದ್ದಾರೆ. ನಾನು ಹೇಳಿದ್ದರಿಂದಲೇ ಮಾಮು ಹಿಂದೆ ಸರಿದರು ಎಂದು ಮೊದಲು ಹೆಮ್ಮೆ ಆಗಿತ್ತು. ಈಗ ಅಷ್ಟಿಲ್ಲ. ಯಾಕೆಂದರೆ ಅವರ ದೂರು ಇನ್ನೂ ಮನೆಯಲ್ಲೇ ಇದೆ, ಬೆಳೆ ಕೈಕೊಟ್ಟ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಅದರಲ್ಲಿ ಒಂದು ವರ್ಷ ಆಗಲೇ ಕಳೆದಿದೆ. ಈ ಭಾನುವಾರ ನಾನು, ಅಬ್ಬಾ ಆನವಟ್ಟಿಗೆ ಹೋಗುತ್ತಿದ್ದೇವೆ. ಬಿಲ್ಲು, ಬೀಜದ ಖಾಲಿ ಚೀಲ, ಹೊಲದ ಫೋಟೋಗಳನ್ನು ಒಟ್ಟು ಮಾಡಿ, ಸಹಿ ಹಾಕದೆ ಉಳಿದ ಅಕ್ಕಪಕ್ಕದವರನ್ನು ಮಾತಾಡಿಸಬೇಕು.