ಆಟವಾಡುವುದು, ಆಟ ಕಟ್ಟುವುದು

ಆಟವೆಂದರೆ ಕಾಲ ಕಳೆಯುವ ಸಾಧನವೆಂದು ಹಲವರು ತಿಳಿದಿದ್ದಾರೆ. ಆಟಕ್ಕೂ ಪಾಠಕ್ಕೂ ಹಗೆತನವಿದೆಯೆಂದು ನಂಬಿದ ಹಿರಿಯರೂ ಇದ್ದಾರೆ. ಹೊಲಗೆಲಸ ಮುಗಿಸಿ, ಗುಡಿಯ ಕಟ್ಟೆಯ ಮೇಲೆ ಕುಳಿತು ಹುಲಿ-ಕುರಿ ಆಟವಾಡುತ್ತಿದ್ದ ನಮ್ಮ ಪೂರ್ವಿಕರು ಬಹುಶಃ ಈ ಮಾತನ್ನು ಒಪ್ಪುತ್ತಿರಲಿಲ್ಲ. ಹಾಸುಗಲ್ಲಿನ ಮೇಲೆ ಕೆಲವು ಗೆರೆಗಳು, ಕೈಯಲ್ಲಿ ಹಿಡಿಯಷ್ಟು ಹರಳುಗಳು. ಇಷ್ಟೇ ಅವರ ಸಾಮಗ್ರಿ. ಬಲಹೀನರಾದ ಹಲವರು ಒಗ್ಗೂಡಿದರೆ ಬಲಿಷ್ಠರಾದ ಕೆಲವರನ್ನು ಕಟ್ಟಿಹಾಕಬಹುದೆಂಬ ಸತ್ಯವನ್ನು ಅವರು ಅಷ್ಟರಲ್ಲಿಯೇ ಆಡಿ ತೋರಿಸಿದರು. ಅಲ್ಪ ಸಾಮಗ್ರಿಯಿಂದ ದೊಡ್ಡ ಆಟವನ್ನು ಕಟ್ಟುವ ಈ ಜಾಣ್ಮೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ರೂಪದಲ್ಲಿ ಕಾಣಿಸಿಕೊಂಡಿತು. ಗಣಕಯಂತ್ರಗಳು ಮೊದಲು ಮನೆಗಳನ್ನು ಪ್ರವೇಶಿಸಿದ ಕಾಲದ ಆಟಗಳೇ ಆ ರೂಪ. ಅವನ್ನು ಇಂದಿನ ವಿದ್ಯಾರ್ಥಿಗಳು ಅರಿಯುವುದು ಅವಶ್ಯಕವೆಂಬುದು ನನ್ನ ಅಭಿಪ್ರಾಯ.

ಮೊದಮೊದಲು ಗಣಕಯಂತ್ರವು ದೊಡ್ಡ ಸಂಸ್ಥೆಗಳ ಸೊತ್ತಾಗಿತ್ತು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು 1962ರಲ್ಲಿ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದಾಗ, ಅದನ್ನು ಆಡಬಲ್ಲವರು ಬೆರಳೆಣಿಕೆಯಷ್ಟು ಮಂದಿ. 1977ರಲ್ಲಿ ಆ್ಯಪಲ್ ಟೂ, ಕಮೋಡೋರ್ ಪೆಟ್ ಮೊದಲಾದ ಚಿಕ್ಕ ಗಣಕಗಳು ಮಾರುಕಟ್ಟೆಗೆ ಬಂದವು. 1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಸ್ಪೆಕ್ಟ್ರಮ್, ಅಮೆರಿಕದ ಕಮೋಡೋರ್ 64 ಬಂದ ಬಳಿಕ ಸಾಮಾನ್ಯ ಕುಟುಂಬದ ಮಕ್ಕಳ ಕೈಗೂ ಗಣಕ ದೊರೆಯಿತು. ಮನೆಯ ಟೆಲಿವಿಷನ್ನೇ ಅದರ ಪರದೆ. ಹಾಡು ಕೇಳುವ ಕ್ಯಾಸೆಟ್ಟೇ ಅದರ ಉಗ್ರಾಣ. ಒಂದು ಆಟವನ್ನು ಕ್ಯಾಸೆಟ್ಟಿನಿಂದ ಗಣಕದೊಳಕ್ಕೆ ಇಳಿಸಲು ಹಲವು ನಿಮಿಷಗಳ ಕಾಲ ತಾಳ್ಮೆಯಿಂದ ಕಾಯಬೇಕಾಗಿತ್ತು.

ಈ ಯಂತ್ರಗಳಲ್ಲಿ ಒಂದು ವಿಶೇಷವಿತ್ತು. ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರಗಳು ಮೂಡುತ್ತಿರಲಿಲ್ಲ. ಗಣಕವು ಸುಮ್ಮನೆ ಆಜ್ಞೆಗಾಗಿ ಕಾದಿರುತ್ತಿತ್ತು. ಆ ಆಜ್ಞೆಯನ್ನು 'ಬೇಸಿಕ್' ಎಂಬ ಗಣಕಭಾಷೆಯಲ್ಲಿ ಬರೆಯಬೇಕಾಗಿತ್ತು. ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಗಣಕವನ್ನು ಬಳಸುವಂತಾಗಲೆಂದು ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು 1964ರಲ್ಲಿ ಈ ಭಾಷೆಯನ್ನು ರೂಪಿಸಿದ್ದರು. ಅಂದಿನ ಮಾಸಪತ್ರಿಕೆಗಳು ಆಟಗಳ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಸಾಲುಸಾಲಾಗಿ ಅಚ್ಚು ಮಾಡುತ್ತಿದ್ದವು. ಮಕ್ಕಳು ಅದನ್ನು ನೋಡಿ ಒಂದೊಂದೇ ಅಕ್ಷರವನ್ನು ಒತ್ತುತ್ತಿದ್ದರು. ಒಂದು ಚುಕ್ಕೆ ತಪ್ಪಿದರೂ ಆಟ ನಡೆಯುತ್ತಿರಲಿಲ್ಲ. ತಪ್ಪನ್ನು ಹುಡುಕಿ ತಿದ್ದುವಾಗ ಆಟದ ಒಳಗುಟ್ಟು ತಿಳಿಯುತ್ತಿತ್ತು. ಗುಟ್ಟು ತಿಳಿದವನು ಚೆಂಡಿನ ವೇಗವನ್ನು ಬದಲಿಸುತ್ತಿದ್ದ. ಕೊನೆಗೆ ತಾನೇ ಹೊಸ ಆಟವನ್ನು ಹೆಣೆಯುತ್ತಿದ್ದ. ಹೀಗೆ ಆಟಗಾರನು ಆಟ ಕಟ್ಟುವವನಾದನು. 1983ರಲ್ಲಿ ಹೆಸರಾದ 'ಮ್ಯಾನಿಕ್ ಮೈನರ್' ಎಂಬ ಆಟವನ್ನು ರಚಿಸಿದ ಮ್ಯಾಥ್ಯೂ ಸ್ಮಿತ್ ಆಗ ಹದಿಹರೆಯದ ಹುಡುಗ.

ಕೊರತೆಯು ಬುದ್ಧಿಯನ್ನು ಹೇಗೆ ಹರಿತಗೊಳಿಸುತ್ತದೆಯೆಂಬುದಕ್ಕೆ ಈ ಆಟಗಳಷ್ಟು ಒಳ್ಳೆಯ ನಿದರ್ಶನ ಬೇರೆ ದೊರಕದು. 1981ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್ 81 ಎಂಬ ಗಣಕದ ಸ್ಮರಣಕೋಶವು ಕೇವಲ 1 ಕಿಲೋಬೈಟ್, ಎಂದರೆ 1,024 ಬೈಟ್. ಈ ಇಕ್ಕಟ್ಟಿನಲ್ಲಿ ಡೇವಿಡ್ ಹೋರ್ನ್ ಎಂಬಾತ ಚದುರಂಗದ ಆಟವನ್ನೇ ಅಳವಡಿಸಿದ. ಕೆಲವು ವಿಶೇಷ ನಿಯಮಗಳನ್ನು ಬಿಟ್ಟರೂ ಗಣಕವು ಮನುಷ್ಯನಿಗೆ ಎದುರಾಗಿ ಕಾಯಿ ನಡೆಸುತ್ತಿತ್ತು. ಆ ಕ್ರಮವಿಧಿಗೆ ಹಿಡಿದ ಸ್ಥಳ 672 ಬೈಟ್! ಇಂದಿನ ಗಣಕದಲ್ಲಿ ಕನ್ನಡದ ಒಂದು ಅಕ್ಷರಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. ಆ ಲೆಕ್ಕದಲ್ಲಿ ಈ ಪಾಠದ ನಾಲ್ಕೈದು ಸಾಲುಗಳು ಹಿಡಿಯುವ ಸ್ಥಳದಲ್ಲಿ ಚದುರಂಗದ ಆಟವೊಂದು ಕುಳಿತಿತ್ತೆಂದು ತಿಳಿಯಬೇಕು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ 1984ರಲ್ಲಿ 'ಎಲೀಟ್' ಎಂಬ ಆಟವನ್ನು ಹೊರತಂದರು. ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ವ್ಯಾಪಾರ ಮಾಡುವ ಆಟವದು. ಅದರಲ್ಲಿ 8 ತಾರಾಮಂಡಲಗಳು, ಒಂದೊಂದರಲ್ಲಿಯೂ 256 ಗ್ರಹವ್ಯವಸ್ಥೆಗಳು, ಒಟ್ಟು 2,048. ಅವರು ಬಳಸಿದ ಬಿಬಿಸಿ ಮೈಕ್ರೋ ಗಣಕದ ಸ್ಮರಣಕೋಶವಾದರೋ 32 ಕಿಲೋಬೈಟ್ ಮಾತ್ರ. ಇಷ್ಟೊಂದು ಗ್ರಹಗಳ ಹೆಸರು, ಸ್ಥಾನ, ಸಂಪತ್ತುಗಳನ್ನು ಅದರಲ್ಲಿ ತುಂಬಿಡುವುದು ಅಸಾಧ್ಯವಾಗಿತ್ತು. ಆದುದರಿಂದ ಅವರು ಅವುಗಳನ್ನು ತುಂಬಿಡುವ ಗೋಜಿಗೆ ಹೋಗಲಿಲ್ಲ. 1, 1, 2, 3, 5, 8 ಎಂಬ ಸರಣಿಯಲ್ಲಿ ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿದರೆ ಮುಂದಿನದು ದೊರೆಯುವುದನ್ನು ನೀವು ಬಲ್ಲಿರಿ. ಅಂಥದೇ ನಿಯಮವೊಂದನ್ನು ಬಳಸಿ, ಕೆಲವೇ ಮೂಲ ಸಂಖ್ಯೆಗಳಿಂದ ಒಂದೊಂದು ಗ್ರಹವನ್ನೂ ಬೇಕಾದಾಗ ಹುಟ್ಟಿಸಿಕೊಂಡರು. ತೊಗರಿಯ ಕಾಳಿನಲ್ಲಿ ಇಡೀ ಗಿಡ ಅಡಗಿರುವಂತೆ, ಆ ಸಂಖ್ಯೆಗಳಲ್ಲಿ ಒಂದು ವಿಶ್ವವೇ ಅಡಗಿತ್ತು. ಸುಮಾರು ಅದೇ ಕಾಲದಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ 'ಟೆಟ್ರಿಸ್' ಆಟವನ್ನು ರಚಿಸಿದ. ಅವನ ಗಣಕಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಅವನು ಆವರಣ ಚಿಹ್ನೆಗಳನ್ನೇ ಇಟ್ಟಿಗೆಗಳಂತೆ ಜೋಡಿಸಿದ. ಆ ಆಟ ಜಗತ್ತನ್ನೇ ಗೆದ್ದಿತು.

ನಮ್ಮ ದೇಶದಲ್ಲಿಯೂ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯಡಿ ಆಯ್ದ 250 ಶಾಲೆಗಳಿಗೆ ಇದೇ ಬಿಬಿಸಿ ಮೈಕ್ರೋ ಗಣಕಗಳನ್ನು ಒದಗಿಸುವ ಕಾರ್ಯ ಆರಂಭವಾಯಿತು. ಆದರೆ ನಮ್ಮಲ್ಲಿ ಆಟ ಕಟ್ಟುವುದು ಒಂದು ಉದ್ಯಮವಾಗಿ ಬೆಳೆಯಲು ಇನ್ನೂ ಕೆಲವು ವರ್ಷ ಬೇಕಾದವು. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 'ಧ್ರುವ ಇಂಟರಾಕ್ಟಿವ್' ಸಂಸ್ಥೆಯನ್ನು ಸ್ಥಾಪಿಸಿದ್ದು 1997ರಲ್ಲಿ. 2012ರಲ್ಲಿ ಕರ್ನಾಟಕ ಸರ್ಕಾರವು ಅನಿಮೇಷನ್ ಮತ್ತು ಗಣಕದ ಆಟಗಳ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು.

ಗಣಕದ ಆಟಗಳು ಮಕ್ಕಳನ್ನು ಕೆಡಿಸುತ್ತವೆಯೆಂದು ವಾದಿಸುವವರಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮಿತಿಮೀರಿದ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಹಳೆಯ ಆಟಗಳೆಲ್ಲವೂ ನಿರ್ದೋಷಿಗಳೆಂದೂ ಹೇಳಲಾಗದು. ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳು ಮಕ್ಕಳ ಜೇಬನ್ನು ಬರಿದು ಮಾಡಲೆಂದೇ ಹುಟ್ಟಿದ್ದವು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮನೆಯ ಗಣಕದ ಆಟವು ತೆರೆದ ಬಾಗಿಲಿನಂತಿತ್ತು. ಬಯಸಿದವನು ಒಳಹೊಕ್ಕು ನೋಡಬಹುದಾಗಿತ್ತು. ಇಂದು ಮೊಬೈಲಿನಲ್ಲಿ ಬರುವ ಆಟಗಳು ಬಹುಮಟ್ಟಿಗೆ ಬೀಗ ಹಾಕಿದ ಮನೆಗಳು. 4 ಗಿಗಾಬೈಟ್ ಸ್ಮರಣಕೋಶವಿರುವ ಸಾಧಾರಣ ಮೊಬೈಲು ಅಂದಿನ 48 ಕಿಲೋಬೈಟ್ ಸ್ಪೆಕ್ಟ್ರಮ್ಮಿಗಿಂತ ಸುಮಾರು 87 ಸಾವಿರ ಪಟ್ಟು ದೊಡ್ಡದು. ಇಷ್ಟು ದೊಡ್ಡ ಸಾಧನ ಕೈಯಲ್ಲಿದ್ದೂ ನಾವು ಪರರು ಕಟ್ಟಿದ್ದನ್ನು ಆಡುತ್ತ ಕುಳಿತರೆ, ನಷ್ಟವಾಗುವುದು ಕಾಲವೊಂದೇ ಅಲ್ಲ. ಕಟ್ಟುವ ಶಕ್ತಿಯೂ ಮಂಕಾಗುತ್ತದೆ.

ಕಟ್ಟಿದ್ದನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಜೋರ್ಡಾನ್ ಮೆಕ್ನರ್ ತನ್ನ ತಮ್ಮನ ಓಟ-ಜಿಗಿತಗಳನ್ನು ಚಿತ್ರೀಕರಿಸಿ, ಅವುಗಳ ಆಧಾರದಿಂದ 1989ರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಆಟವನ್ನು ರಚಿಸಿದ. ಅದರ ಮೂಲ ಕ್ರಮವಿಧಿ ಕಳೆದುಹೋಯಿತೆಂದೇ ಭಾವಿಸಲಾಗಿತ್ತು. 2012ರಲ್ಲಿ ಅವನ ತಂದೆಗೆ ಹಳೆಯ ಪೆಟ್ಟಿಗೆಯೊಂದರಲ್ಲಿ ಅದರ ಫ್ಲಾಪಿಗಳು ದೊರೆತವು. ಬಲ್ಲವರು ಅವನ್ನು ಓದಿ ಉಳಿಸಿದರು. ಈಗ ಅದನ್ನು ಯಾರು ಬೇಕಾದರೂ ನೋಡಬಹುದು. ಎಲ್ಲ ಆಟಗಳಿಗೂ ಈ ಭಾಗ್ಯವಿಲ್ಲ. ಕ್ಯಾಸೆಟ್ಟಿನ ಕಾಂತಶಕ್ತಿ ಕಾಲಕ್ರಮದಲ್ಲಿ ಕುಂದುತ್ತದೆ. ನಮ್ಮ ನಾಡಿನಲ್ಲಿ ಈ ಎಚ್ಚರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಹಲಗೆಯಾಟಗಳಿಗೂ ಸ್ಥಾನ ದೊರೆತಿದೆ. ಹಾಗೆ ದಾಖಲಾದುದರಿಂದಲೇ ಅವುಗಳ ಸ್ವರೂಪ ಇಂದಿಗೂ ತಿಳಿಯುತ್ತದೆ.

ಆಳಂದ ತಾಲ್ಲೂಕಿನ ಭೂಸನೂರಿನ ಬಾಲಕ ಬಾಲಕಿಯರಿಗೆ ಈ ವಿಷಯ ದೂರದ್ದೆಂದು ತೋರಬೇಕಾಗಿಲ್ಲ. ಹುಲಿ-ಕುರಿ ಆಟದ ನಿಯಮಗಳನ್ನು ಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಮೊದಲು ಆಟದ ಗೆರೆಗಳನ್ನು ಕಾಗದದ ಮೇಲೆ ಬಿಡಿಸಿರಿ. ಮನೆಗಳಿಗೆಲ್ಲ ಸಂಖ್ಯೆ ಕೊಡಿರಿ. ಯಾವ ಮನೆಯಿಂದ ಯಾವ ಮನೆಗೆ ಹೋಗಬಹುದು, ಹುಲಿ ಯಾವಾಗ ಹಾರಬಹುದು, ಅದು ಕಟ್ಟಿಬಿದ್ದುದನ್ನು ತಿಳಿಯುವುದು ಹೇಗೆ ಎಂಬುದನ್ನು ಒಂದೊಂದಾಗಿ ಬರೆಯಿರಿ. ಈ ಬರಹವೇ ಅರ್ಧ ಕ್ರಮವಿಧಿ. ಉಳಿದರ್ಧವನ್ನು ಶಾಲೆಯ ಗಣಕ ಕಲಿಸುತ್ತದೆ. ಕಲ್ಲಿನ ಮೇಲಿನ ಗೆರೆಗಳು ಸವೆಯುವ ಮುನ್ನ ಈ ಕೆಲಸ ನಡೆಯಬೇಕು. ಆಡಿ ಸಂತೋಷಪಡುವ ಹಕ್ಕು ಎಲ್ಲ ಮಕ್ಕಳಿಗೂ ಉಂಟು. ಹತ್ತು ಜನ ಆಡುವಂಥ ಆಟವೊಂದನ್ನು ಕಟ್ಟಿದವರ ಸಂತೋಷ ಅದಕ್ಕಿಂತ ಹಿರಿದು.