ಹಾಲಿನ ಪರೀಕ್ಷೆ ಬೇಡವೆನ್ನುವವರಿಗೆ

ಹಾಲನ್ನು ಪರೀಕ್ಷೆಗೆ ಕಳಿಸೋಣ ಎಂದರೆ ಮೊದಲು ಬರುವ ಆಕ್ಷೇಪ ಇದು: "ನಮ್ಮ ಹಾಲಿನವನು ಕಣ್ಣೆದುರೇ ಕರೆದು ಕೊಡ್ತಾನೆ, ಅವನನ್ನ ಅನುಮಾನಿಸೋದಾ?" ಅನುಮಾನ ಬೇಡ. ಆದರೆ ಹಸು ತಿಂದದ್ದರಲ್ಲಿ ಏನಿತ್ತೆಂಬುದು ಅವನಿಗೂ ಗೊತ್ತಿರುವುದಿಲ್ಲ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳ ತೇವಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ಅದನ್ನು ತಿಂದರೆ ಒಂದಂಶ ಎಂ1 ರೂಪದಲ್ಲಿ ಹಾಲಿಗಿಳಿಯುತ್ತದೆ. ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ ದಾಟಬಾರದೆಂಬುದು ನಮ್ಮ ದೇಶದ ಮಿತಿ. ಅಷ್ಟು ಸಣ್ಣದನ್ನು ಯಾವ ನಾಲಿಗೆ ಹಿಡಿದೀತು? ಕೆಚ್ಚಲು ಬಾವಿಗೆ ಮದ್ದು ಕೊಡಿಸಿ, ಹೇಳಿದಷ್ಟು ದಿನ ಕಾಯದೆ ಹಾಲು ಹಾಕಿದರೆ ಆ್ಯಂಟಿಬಯಾಟಿಕ್ಕೂ ಜೊತೆಗೆ ಬರುತ್ತದೆ. ತೊಟ್ಟು ನೀರು ಬೆರೆಸದವನ ಚೊಂಬಿನಲ್ಲೂ ಇವೆರಡೂ ಇರಬಹುದು.

"ಕಾಯಿಸಿದರೆ ಎಲ್ಲ ಹೋಗುತ್ತೆ" ಎನ್ನುವವರಿದ್ದಾರೆ. ರೋಗಾಣುಗಳು ಸಾಯುತ್ತವೆ, ಒಪ್ಪಿದೆ. ಅಫ್ಲಾಟಾಕ್ಸಿನ್ ಹಾಲು ಉಕ್ಕುವ ಬಿಸಿಗೆ ಜಗ್ಗುವುದಿಲ್ಲ.

ಇನ್ನೊಂದು ಗುಂಪಿನದು ತದ್ವಿರುದ್ಧ ವಾದ: ಮೂರರಲ್ಲೆರಡು ಪಾಲು ಹಾಲು ಕಲಬೆರಕೆಯೇ, ಪರೀಕ್ಷೆ ಮಾಡಿ ಏನುಪಯೋಗ? ಈ ಲೆಕ್ಕದ ಮೂಲ 2011ರ ಸಮೀಕ್ಷೆ. ಅದರಲ್ಲಿ ಸುಮಾರು ಶೇ. 68 ಮಾದರಿಗಳು ಗುಣಮಟ್ಟಕ್ಕೆ ಹೊಂದಲಿಲ್ಲ. ದೊಡ್ಡ ದೂರು ನೀರು ಮತ್ತು ಹಾಲಿನ ಪುಡಿಯದ್ದು. ಅದಷ್ಟನ್ನೂ ವಿಷವೆಂದು ಹಬ್ಬಿಸಿದವರು ವಾಟ್ಸಾಪ್ ಪಂಡಿತರು. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ 6,432 ಮಾದರಿಗಳನ್ನು ನೋಡಿದಾಗ ಕಲಬೆರಕೆಯೆಂದು ಸಿಕ್ಕಿದ್ದು 12. ಹಾಗೆಂದು ಡೇರಿಯವರು ಬೀಗಬೇಕಾಗಿಲ್ಲ. ಅದೇ ಸಮೀಕ್ಷೆಯಲ್ಲಿ ಎಂ1 ಮಿತಿ ಮೀರಿದ್ದು 368 ಮಾದರಿಗಳಲ್ಲಿ, ಆ್ಯಂಟಿಬಯಾಟಿಕ್ 77ರಲ್ಲಿ. ನಾವು ಬೈಯುತ್ತಿರುವುದು ಕಳ್ಳರನ್ನು, ಹೆಚ್ಚು ಸಿಕ್ಕಿದ್ದು ಬೂಷ್ಟು.

ಕಾಯಿಸಿದ ಹಾಲು ರಬ್ಬರಿನಂತೆ ಎಳೆಯಿತು, ಪ್ಲಾಸ್ಟಿಕ್ ಇದೆ ಎನ್ನುವ ವಿಡಿಯೊಗಳಿಗೆ ಒಂದೇ ಮಾತು ಸಾಕು: ಹಾಲು ಒಡೆದಾಗ ಅದರ ಪ್ರೋಟೀನೇ ಹಾಗೆ ಎಳೆಯುತ್ತದೆ.

"ಲ್ಯಾಕ್ಟೋಮೀಟರ್ ಇದೆಯಲ್ಲ, ಡಿಗ್ರಿ ಬಂದರೆ ಆಯ್ತು" ಎನ್ನುವವರು ಅದರ ಕೈಚಳಕ ಅರಿಯರು. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಹದವಾಗಿ ಮಾಡಿದರೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಹಳ್ಳಿಯ ಡೇರಿಯಲ್ಲಿ ಫ್ಯಾಟನ್ನೂ ನೋಡುತ್ತಾರೆ.

ನನಗೆ ನಿಜಕ್ಕೂ ತೂಕವಿದೆ ಎನಿಸುವ ಆಕ್ಷೇಪ ರೈತರದು: "ಯಂತ್ರವೇ ಕಡಿಮೆ ತೋರಿಸುತ್ತೆ, ದುಡ್ಡು ನಮ್ಮದು ಹೋಗುತ್ತೆ." ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮೇಲೆ ದರ ನಿಂತಿರುವಾಗ ಈ ಸಿಟ್ಟು ಸಹಜ. ಸರಿಯಾಗಿ ತೊಳೆಯದ, ತಾಳೆ ನೋಡದ ಯಂತ್ರ ತಪ್ಪು ಹೇಳುತ್ತದೆ. ಆದರೆ ಅದಕ್ಕೆ ಮದ್ದು ಇನ್ನೊಂದು ಪರೀಕ್ಷೆಯೇ. ಹಾಲು ಹಾಕಿದವರ ಎದುರಲ್ಲೇ ಮಾದರಿ ತೆಗೆಯಲಿ, ಕೈಗೆ ಚೀಟಿ ಕೊಡಲಿ, ಆಗಾಗ ಫ್ಯಾಟ್ ಅಳೆಯುವ ಗರ್ಬರ್ ವಿಧಾನದಲ್ಲಿ ಯಂತ್ರವನ್ನು ತಾಳೆ ನೋಡಲಿ. ಎಂ1 ಸಿಕ್ಕಿತೆಂದು ಒಬ್ಬ ರೈತನ ಕ್ಯಾನು ವಾಪಸು ಕಳಿಸುವ ಮೊದಲು, ಅವನಿಗೆ ಹಿಂಡಿ ಮಾರಿದವರ ಗೋದಾಮಿನಿಂದಲೂ ಒಂದು ಮಾದರಿ ಪ್ರಯೋಗಾಲಯಕ್ಕೆ ಹೋಗಲಿ.