ಸ್ಟ್ಯಾಟಿಕ್ ಮೆಥಡ್ಡೂ ಇಂಡಿಯ ಲಿಂಬಿಕಾಯಿಯೂ

ಇಂಟರ್‌ವ್ಯೂಗೆ ತಯಾರಾಗಿ ಬರುವ ನಮ್ಮ ಕಡೆ ಹುಡುಗರಿಗೆ ಜಾವಾದ ಎರಡು ಉತ್ತರ ಬಾಯಿಪಾಠ ಇರುತ್ತೆ. ಸ್ಟ್ಯಾಟಿಕ್ ಮೆಥಡ್ ಇನ್‌ಹೆರಿಟ್ ಆಗುತ್ತಾ? ಆಗುತ್ತೆ ಸರ್. ಓವರ್‌ರೈಡ್ ಮಾಡಬಹುದಾ? ಇಲ್ಲ ಸರ್, ಅದು ಹೈಡಿಂಗ್. ಎರಡೂ ಸರಿ ಉತ್ತರಗಳೇ. ಹಾಗಂದ್ರೇನು ಅಂತ ಕೇಳಿದರೆ ಮಾತ್ರ ಮೌನ. ತಪ್ಪು ಹುಡುಗರದ್ದಲ್ಲ, ಆ 'ಇನ್‌ಹೆರಿಟ್' ಅನ್ನೋ ಪದದ್ದು ಅನ್ನೋದು ನನ್ನ ವಾದ.

ಪುಸ್ತಕದ ನಾಯಿ, ಬೆಕ್ಕು, ಕಾರುಗಳನ್ನು ಬಿಟ್ಟು ವಿಜಯಪುರ ಜಿಲ್ಲೆಗೇ ಬನ್ನಿ. ಮಾರುಕಟ್ಟೆಗೆ ಬರೋ ಮಾಲಿನ ಲೆಕ್ಕ ಇಡುವ ಪ್ರೋಗ್ರಾಮ್ ಬರೀತಿದ್ದೀರಿ ಅಂದುಕೊಳ್ಳಿ. 'ಬೆಳೆ' ಅಂತೊಂದು ಕ್ಲಾಸ್. ಅದರ ಮಕ್ಕಳು ಇಂಡಿಯ ಲಿಂಬಿ, ಸಿಂದಗಿಯ ತೊಗರಿ, ಮುದ್ದೇಬಿಹಾಳದ ಜೋಳ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ (ಬೆಂಗಳೂರಿನವರಿಗೆ ಈರುಳ್ಳಿ :-) ). ತಾಯಿ ಕ್ಲಾಸಿನಲ್ಲಿ ಎರಡು ಸ್ಟ್ಯಾಟಿಕ್ ಮೆಥಡ್. 'ಅಳತೆ'ಯನ್ನು ಕರೆದರೆ ಕ್ವಿಂಟಲ್ ಅನ್ನುತ್ತೆ. 'ಚೀಟಿ' ಆ ಅಳತೆಯನ್ನು ಕೇಳಿಕೊಂಡು ರೈತನ ಕೈಗೆ ಕೊಡೋ ಚೀಟಿ ಬರೆಯುತ್ತೆ. ಜೋಳ, ತೊಗರಿ, ಉಳ್ಳಾಗಡ್ಡಿಗೆ ಇಷ್ಟು ಸಾಕು. ಆದ್ರೆ ಲಿಂಬಿಯನ್ನು ಎಣಿಸಿ ಮಾರ್ತಾರೆ, ಸಾವಿರಕ್ಕೆ ಇಷ್ಟು ಅಂತ. ಹಾಗಾಗಿ ಲಿಂಬಿ ಕ್ಲಾಸಿನಲ್ಲಿ 'ಅಳತೆ'ಯನ್ನು ಮತ್ತೊಮ್ಮೆ ಬರೆದು 'ಸಾವಿರ' ಅಂತ ಹಾಕ್ತೀರಿ.

ಈಗ ಲಿಂಬಿಯ ಅಳತೆ ಕೇಳಿ, ಸಾವಿರ ಅಂತ ಬರುತ್ತೆ. ಲಿಂಬಿಯ ಚೀಟಿ ಕೇಳಿ, ಕ್ವಿಂಟಲ್ ಅಂತ ಬರುತ್ತೆ! ಕಂಪೈಲರ್ ತುಟಿ ಪಿಟಕ್ ಅನ್ನೋದಿಲ್ಲ. ಯಾಕಂದ್ರೆ 'ಚೀಟಿ' ಕಂಪೈಲ್ ಆಗುವಾಗಲೇ ತಾಯಿಯ 'ಅಳತೆ'ಗೆ ಗಂಟು ಬಿದ್ದಿದೆ. ತನ್ನನ್ನು ಕರೆದದ್ದು ಲಿಂಬಿಯ ಹೆಸರಿನಲ್ಲಿ ಅನ್ನೋದು ಅದಕ್ಕೆ ತಿಳಿಯೋದೇ ಇಲ್ಲ. 40 ಸಾವಿರ ಕಾಯಿ ತಂದವನ ಚೀಟಿಯಲ್ಲಿ 40 ಕ್ವಿಂಟಲ್ ಅಂತ ಬಿದ್ದರೆ ಸಂಜೆ ಲೆಕ್ಕ ಕೂಡಿಸೋರ ಗತಿ ಏನು? ಮನೆತನದ ಹೆಸರು ಬಂತು, ಹೊಲ ಬರಲಿಲ್ಲ. ಇದನ್ನು ಆನುವಂಶಿಕತೆ ಅಂತ ಕರೆಯೋಕೆ ನನಗಂತೂ ಮನಸ್ಸಿಲ್ಲ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಸ್ಮಾಲ್‌ಟಾಕ್-80ರಲ್ಲೇ ಕ್ಲಾಸ್ ಅನ್ನೋದೂ ಒಂದು ಆಬ್ಜೆಕ್ಟ್. ಅದಕ್ಕೊಂದು ಮೆಟಾಕ್ಲಾಸ್, ಆ ಮೆಟಾಕ್ಲಾಸುಗಳಿಗೂ ತಾಯಿ-ಮಗಳ ಸಾಲು. 2001ರ ಪೈಥಾನ್ 2.2ರಲ್ಲಿ ಬಂದ ಕ್ಲಾಸ್‌ಮೆಥಡ್ ಇನ್ನೂ ಸರಳ. ಯಾವ ಕ್ಲಾಸಿನ ಮೂಲಕ ಕರೆದರೋ ಅದೇ ಮೊದಲ ಆರ್ಗ್ಯುಮೆಂಟ್ ಆಗಿ ಒಳಗೆ ಬರುತ್ತೆ. ಅದನ್ನೇ ಕೇಳಿ ಬರೆದ ಚೀಟಿಯಲ್ಲಿ ಸಾವಿರ ಅಂತಲೇ ಇರುತ್ತೆ. ಪಿಎಚ್‌ಪಿ ಕಥೆ ಮಜವಾಗಿದೆ. ಅಲ್ಲಿ 'ಸೆಲ್ಫ್' ಅಂತ ಬರೆದು ನಮ್ಮ ಲಿಂಬಿಯ ಪಾಡು ಪಟ್ಟವರು ಎಷ್ಟೋ ಜನ. ಕೊನೆಗೆ 2009ರಲ್ಲಿ, 5.3 ಆವೃತ್ತಿಯಲ್ಲಿ, 'ಸ್ಟ್ಯಾಟಿಕ್' ಅನ್ನೋ ಹಳೇ ಪದಕ್ಕೇ 'ಯಾರು ಕರೆದರೋ ಅವರು' ಅನ್ನೋ ಹೊಸ ಅರ್ಥ ಕೊಟ್ಟರು. ಅಂದ್ರೆ ಜಾವಾದಲ್ಲಿ ತೊಡಕಾಗಿರೋ ಪದವೇ ಅಲ್ಲಿ ಪರಿಹಾರ!

ಜಾವಾ ಭಕ್ತರು ಸಿಟ್ಟಾಗಬೇಡಿ. ಸ್ಟ್ಯಾಟಿಕ್ ಇರೋದೇ ಇಂಥ ಕೆಲಸಕ್ಕಲ್ಲ ಅನ್ನೋ ನಿಮ್ಮ ಮಾತು ಒಪ್ಪಿದೆ. ಹಾಗಿದ್ದರೆ ಪಾಠದಲ್ಲಿ 'ಇನ್‌ಹೆರಿಟ್ ಆಗುತ್ತೆ' ಅನ್ನೋದನ್ನು ಬಿಟ್ಟು 'ಮಗಳ ಹೆಸರಿನಿಂದಲೂ ಕರೆಯಬಹುದು, ಅಷ್ಟೇ' ಅಂತ ಹೇಳಿ. 'ಅಳತೆ', 'ಚೀಟಿ' ಎರಡನ್ನೂ ಸ್ಟ್ಯಾಟಿಕ್ ತೆಗೆದು ಸಾಮಾನ್ಯ ಮೆಥಡ್ ಮಾಡಿಸಿ, ಲಿಂಬಿಯ ಒಂದು ಆಬ್ಜೆಕ್ಟ್ ಕೈಗೆ ಕೊಟ್ಟು ಓಡಿಸಿ ತೋರಿಸಿ. ಹತ್ತು ನಿಮಿಷದ ಕೆಲಸ.

ಅಂದ ಹಾಗೆ, ಪೈಥಾನಿನಲ್ಲಿ ಎಲ್ಲಾ ಸುಸೂತ್ರ ಅಂತಲೂ ತಿಳೀಬೇಡಿ. 'ಬೆಳೆ'ಯಲ್ಲಿ ಚೀಟಿ ನಂಬರಿಗೊಂದು ಎಣಿಕೆ ಇಟ್ಟು, ಕ್ಲಾಸ್‌ಮೆಥಡ್ಡಿನಲ್ಲಿ, ಕರೆದ ಕ್ಲಾಸಿನ ಹೆಸರಲ್ಲೇ ಅದಕ್ಕೆ ಒಂದು ಕೂಡಿಸಿ ನೋಡಿ. ಓದುವಾಗ ತಾಯಿಯದ್ದನ್ನು ಓದುತ್ತೆ, ಬರೆಯುವಾಗ ಮಗಳಲ್ಲಿ ಬರೆಯುತ್ತೆ. 'ಬೆಳೆ'ಯ ಎಣಿಕೆ ಆಗಲೇ 5 ಆಗಿದ್ದರೆ ಲಿಂಬಿಯ ಮೊದಲ ಚೀಟಿಗೇ 6ನೇ ನಂಬರ್. ತೊಗರಿಯ ಮೊದಲ ಚೀಟಿಗೂ 6. ಜಾವಾದಲ್ಲಾದರೆ ನಾಲ್ಕೂ ಬೆಳೆಗೆ ಸೇರಿ ಒಂದೇ ಎಣಿಕೆ. ಯಾವುದು ಬೇಕು ಅನ್ನೋದನ್ನು ಮಾತ್ರ ಮಾರುಕಟ್ಟೆಯವರನ್ನೇ ಕೇಳಬೇಕು :-)